ದನಿ ಏರಿಸದ ಮೇಷ್ಟ್ರು

ಮಧುಗಿರಿಯಲ್ಲಿ ನಮಗೆ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಒಂದೇ ಒಂದು ಸಿನಿಮಾದಲ್ಲಿ ನಟಿಸಿದ್ದರು. ರೌಡಿ ಮನೆತನದ ಹಿರಿಯಣ್ಣನ ಪಾತ್ರ. ಈಗಲೂ ಅದು ಟಿವಿಯಲ್ಲಿ ಬಂದರೆ ಬಿಡದೆ ನೋಡುತ್ತೇನೆ. ಕೊಲೆಗೆ ಆಳು ಕಳಿಸುವಾಗಲೂ ಮುದ್ದೆ ಮುರಿಯುತ್ತ, ಅಂಗಡಿಯಿಂದ ಉಪ್ಪು ತರಲು ಹೇಳುವ ದನಿಯಲ್ಲೇ ಮಾತಾಡುತ್ತಾರೆ. ತಾಲೀಮಿನಲ್ಲಿ ನಾವು ಅಬ್ಬರಿಸಿದರೆ, "ಕಿರುಚ್ಬ್ಯಾಡ ಕಣ್ಲಾ, ನಂಗೆ ಕಿವಿ ಐತೆ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ದುರ್ಯೋಧನ ಪಾತ್ರಧಾರಿಯ ಅಣ್ಣ, ಜಮೀನಿನ ಜಗಳದ ಸಿಟ್ಟಿನಲ್ಲಿ, ತಮ್ಮನನ್ನು ಹುಡುಕಿಕೊಂಡು ತಾಲೀಮಿನ ಕೋಣೆಗೆ ಮಚ್ಚು ಹಿಡಿದು ಬಂದ. ತಮ್ಮ ನನ್ನ ಜೊತೆ ಪರದೆಯ ಹಿಂದೆ ಅಡಗಿದ್ದ. ಪೂಜೆ ಮಾಡಿಟ್ಟ ಹಾರ್ಮೋನಿಯಂ ಇರುವ ಜಾಗವೆಂದು, ಅಷ್ಟು ಸಿಟ್ಟಿನಲ್ಲೂ ಅಣ್ಣ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಮೇಷ್ಟ್ರು ಅದನ್ನು ನೋಡಿದರು.

"ಮಚ್ಚೂ ಅಲ್ಲೇ ಮಡಗಿ ಬಾರಪ್ಪ. ನಿನ್ ತಮ್ಮ ಆಗ್ಲೇ ಸಿರಾ ಬಸ್ ಹತ್ಬುಟ್ಟ. ನೀರ್ ಕುಡೀತೀಯಾ?"

ಅವನು ಮಚ್ಚನ್ನು ಚಪ್ಪಲಿಯ ಪಕ್ಕ ಇಟ್ಟು ಒಳಬಂದ. ನೀರು ಕುಡಿದ, ಸ್ವಲ್ಪ ಅತ್ತ, ಮಚ್ಚು ಅಲ್ಲೇ ಬಿಟ್ಟು ಹೊರಟುಹೋದ. ಆ ನಾಲ್ಕು ನಿಮಿಷ ಇನ್ನೂ ನನ್ನ ಕಣ್ಣೆದುರು ಓಡುತ್ತಲೇ ಇರುತ್ತವೆ.

ನಾನು ಪರದೆಯ ಹಿಂದಿನಿಂದ ಹೊರಬಂದಾಗ ಮೇಷ್ಟ್ರು ಕೂತಲ್ಲೇ ಕೂತಿದ್ದರು.

"ವಸಿ ಎಬ್ಬಿಸಪ್ಪ," ಎಂದು ಮೆಲ್ಲಗೆ ಕೈ ಚಾಚಿದರು. "ಕಾಲು ನಂದಲ್ಲ ಅನ್ನಂಗಾಗೈತೆ."