ಜೋಳದ ಡ್ರಮ್ಮಿನ ಮೇಲಿನ ಸ್ಪೀಕರ್

ಇದು ಎಂದೂ ಆಗುವ ಮಾತಲ್ಲ ಎಂದವನು ನನ್ನ ಸೋದರಮಾವ. ಠಾಣೆ ಶಹರದ ಪಕ್ಕದ, ಕಳವಾ ಎಂಬ ಊರಿನ ನಮ್ಮ ಒಂದೇ ಕೋಣೆಯ ಮನೆಯ ಹೊಸ್ತಿಲ ಮೇಲೆ ಕೂತು, ನೆಲದ ತುಂಬ ಹರಡಿದ್ದ ವೈರು, ವಾಲ್ವುಗಳನ್ನು ನೋಡಿ ಅವ್ವನಿಗೆ ಹೇಳಿದ್ದ: "ನಮ್ಮ ಮನೆತನದಾಗ ಹತ್ತನೇತ್ತ ದಾಟಿದವ್ರಿಲ್ಲ. ಇಕಿ ಗುಜರಿಯಾಗಿನ ರೇಡಿಯೋ ಹಾಡಿಸಿ ಡಿಗ್ರಿ ತರ್ತಾಳಂತ! ಅಕ್ಕಾ, ಈ ಪೆಟ್ಟಿಗಿ ಹಾಡಿದ್ರ ನಾ ಮೀಸಿ ಬೋಳಸ್ತೀನಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬೋಳಸಾಕ ಅಲ್ಲಿ ಏನೈತೋ, ನಾಕು ಕೂದಲ."

ಅದು ಬಿ.ಎಸ್ಸಿ. ಎಲೆಕ್ಟ್ರಾನಿಕ್ಸಿನ ಕೊನೆಯ ವರ್ಷ. ಪ್ರಾಜೆಕ್ಟ್ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಜೊತೆಯವರು ರೆಡಿಮೇಡ್ ಕಿಟ್ ಕೊಂಡು ಜೋಡಿಸಿದರು. ನಾನು, ಅಪ್ಪ ಹಮಾಲಿ ಮಾಡುವ ಗುಜರಿ ಗೋದಾಮಿಗೆ ಬಂದ ಹಳೆಯ ರೇಡಿಯೋಗಳಿಂದ ಗಾಜಿನ ವಾಲ್ವು ಕಿತ್ತು ಆಂಪ್ಲಿಫೈಯರ್ ಕಟ್ಟಿದೆ. ಅದು ಹಾಡಿತು ಕೂಡ. ಹದಕ್ಕೆ ಬಾರದ್ದು ಬೇಸ್. ಹೊರಗಿನಿಂದ ಬರುವ ಪರೀಕ್ಷಕರು ಮೊದಲು ಕಿವಿ ಕೊಡುವುದು ಅದಕ್ಕೇ ಎಂದು ನಮ್ಮ ಮೇಡಂ ಎಚ್ಚರಿಸಿದ್ದರು. ಟ್ರಾನ್ಸ್‌ಫಾರ್ಮರಿನ ಭಾರಕ್ಕೆ ಅದನ್ನು ಮತ್ತೆ ಮತ್ತೆ ಲೋಕಲ್ ರೈಲಿನಲ್ಲಿ ಖಾರಘರದ ಕಾಲೇಜಿಗೆ ಹೊತ್ತು ಒಯ್ಯುವಂತಿರಲಿಲ್ಲ. ಎಲ್ಲ ಮನೆಯಲ್ಲೇ ಆಗಬೇಕಿತ್ತು.

ಅಪ್ಪನ ಭಜನಾ ಮೇಳದ ರೆಕಾರ್ಡಿಂಗ್ ಮೊಬೈಲಿನಲ್ಲಿತ್ತು. ಅದರಲ್ಲಿ ತಬಲಾ ಜೋಡಿಯ ಡಗ್ಗಾದ ಪೆಟ್ಟು ಗುಂಡಗೆ ಬಿದ್ದು ಅಲ್ಲೇ ನಿಲ್ಲಬೇಕು. ನನ್ನ ಆಂಪ್ಲಿಫೈಯರಿನಲ್ಲಿ ಅದು ಗುಂಯ್ ಎಂದು ಬಾಲ ಎಳೆಯುತ್ತಿತ್ತು. ಒಂದು ವಾಲ್ವಿನಿಂದ ಇನ್ನೊಂದಕ್ಕೆ ಹಾಡು ದಾಟುವ ದಾರಿಯಲ್ಲಿ ಒಂದು ಕೆಪ್ಯಾಸಿಟರ್ ಇರುತ್ತದೆ. ಅದು ಚಿಕ್ಕದಾದಷ್ಟೂ ಬೇಸ್ ಇಳಿಯುತ್ತದೆ. ಚಿಕ್ಕದು ಹಾಕಿದೆ, ಸರಿಹೋಯಿತು. ಕೆಲವು ದಿನಕ್ಕೆ ಮತ್ತೆ ಗುಂಯ್. ಇನ್ನೂ ಚಿಕ್ಕದು ಹಾಕಿದೆ. ಮತ್ತೆ ಅದೇ. ಏನನ್ನೂ ಮುಟ್ಟದೆ ಧ್ವನಿ ತಾನಾಗಿ ಹೇಗೆ ಬದಲಾಗುತ್ತದೆ? ವಾಲ್ವುಗಳ ಮೇಲೆ ಸಂಶಯ ಪಟ್ಟೆ, ಬೆಸುಗೆಯ ಮೇಲೆ ಪಟ್ಟೆ, ಕೊನೆಗೆ ನನ್ನ ತಲೆಯ ಮೇಲೇ.

ಪರೀಕ್ಷೆ ಬಿದ್ದದ್ದು ಶುಕ್ರವಾರ. ಪ್ರತಿ ವಾರ ಅಂದು ರಿಪೇರಿಗೆಂದು ನಮ್ಮ ಕಡೆ ಬೆಳಿಗ್ಗೆಯೇ ಲೈಟ್ ತೆಗೆಯುತ್ತಾರೆ. ಅದಕ್ಕೂ ಮೊದಲು ಒಮ್ಮೆ ಹಾಡಿಸಿ ನೋಡುತ್ತಿದ್ದೆ. ಅವ್ವ ಬುಟ್ಟಿ ಹಿಡಿದು ಬಂದಳು.

"ಅತ್ತ ಸರಿಸು ಅದನ್ನ. ಗಿರಣಿಗೆ ಜ್ವಾಳ ಒಯ್ಯಬೇಕು."

ಸ್ಪೀಕರ್ ಇದ್ದದ್ದು ಜೋಳ ತುಂಬುವ ತಗಡಿನ ಡ್ರಮ್ಮಿನ ಮೇಲೆ. ನಮ್ಮ ಕೋಣೆಯಲ್ಲಿ ಎತ್ತರದ ಜಾಗ ಅದೊಂದೇ. ಹಾಡುತ್ತಿದ್ದ ಹಾಗೆಯೇ ಎತ್ತಿ ಕೌದಿಗಳ ಮೇಲಿಟ್ಟೆ. ಡಗ್ಗಾ ಮಾಯವಾಯಿತು. ಬರೀ ಟಕ್ ಟಕ್, ಡಬ್ಬಿ ಬಡಿದ ಹಾಗೆ. ತಿರುಗಿ ನೋಡಿದರೆ ಅವ್ವ ಡ್ರಮ್ಮಿನೊಳಗೆ ಭುಜದವರೆಗೂ ಕೈ ಇಳಿಸಿದ್ದಳು. ಜೋಳ ತಳ ಕಂಡಿತ್ತು.

"ಯವ್ವಾ, ಡ್ರಮ್ಮು!"

"ಯಾಕ, ಇಲಿ ಬಿತ್ತೇನ?"

ಇಲಿ ಅಲ್ಲ. ಡ್ರಮ್ಮು ತುಂಬಿದ್ದಾಗ ಜೋಳ ಪೆಟ್ಟನ್ನು ನುಂಗುತ್ತಿತ್ತು. ನಾವು ರೊಟ್ಟಿ ತಿಂದು ಜೋಳ ಇಳಿದಂತೆಲ್ಲ ಖಾಲಿ ತಗಡು ಗುಂಯ್‌ಗುಟ್ಟುತ್ತಿತ್ತು. ಡ್ರಮ್ಮಿನ ಸದ್ದು ಅಡಗಿಸಲು ನಾನು ಆಂಪ್ಲಿಫೈಯರಿನ ಬೇಸ್ ಕತ್ತರಿಸುತ್ತ ಬಂದಿದ್ದೆ. ಕಾಲೇಜಿನ ಮೇಜಿನ ಮೇಲೆ ಅದು ಈ ಟಕ್ ಟಕ್ಕನ್ನೇ ನುಡಿಯಲಿತ್ತು.

ಪ್ಲಗ್ ಕಿತ್ತೆ. ಮೊದಲಿನ ದೊಡ್ಡ ಕೆಪ್ಯಾಸಿಟರನ್ನೇ ಮತ್ತೆ ಹಾಕಬೇಕು. ಆದರೆ ಪ್ಲಗ್ ಕಿತ್ತರೂ ಒಳಗೆ ಕರೆಂಟು ಕೂತಿರುತ್ತದೆ, ಮುಟ್ಟಿದರೆ ಜೀವ ಹೋಗುವಷ್ಟು. ಅದು ಇಳಿಯುವವರೆಗೆ ಮೀಟರಿನ ಅಂಕಿಗಳನ್ನೇ ನೋಡುತ್ತ ಕೂತೆ. ಚಿಕ್ಕದನ್ನು ಕಿತ್ತೆ, ದೊಡ್ಡದನ್ನು ಇಟ್ಟು ಬೆಸುಗೆ ಹಾಕಿದೆ. ಎರಡನೆಯ ತುದಿ ಕೂತಿತೋ ಇಲ್ಲವೋ, ಫ್ಯಾನ್ ನಿಂತಿತು. ಲೈಟ್ ಹೋಗಿತ್ತು.

ಪೆಟ್ಟಿಗೆ ಹೊರಲು ಮಾವ ಬಂದು ನಿಂತಿದ್ದ. ಬೈದರೂ ಬರುವವನು ಅವನೇ.

"ಹಾಡಿಸಿ ನೋಡಿದೇನ?"

"ಇಲ್ಲ ಮಾಮಾ. ಲೈಟ್ ಹೋತು."

"ಮತ್ತ?"

"ಲೆಕ್ಕ ಸರಿ ಐತಿ."

"ಲೆಕ್ಕ ಹಾಡ್ತೈತೇನ?" ಎಂದವನೇ ಪೆಟ್ಟಿಗೆಯನ್ನು ಸಿಮೆಂಟಿನ ಚೀಲದಂತೆ ತಲೆಗೇರಿಸಿಕೊಂಡು ಸ್ಟೇಷನ್ನಿನ ಕಡೆ ನಡೆದ. ಠಾಣೆ ಸ್ಟೇಷನ್ನಿನಲ್ಲಿ ಪನವೇಲ್ ಗಾಡಿಗೆ ಬದಲಾಯಿಸಿದೆವು. ದಾರಿಯುದ್ದಕ್ಕೂ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಪ್ರತಿ ಕುಲುಕಾಟಕ್ಕೂ ಆ ಎರಡನೆಯ ಬೆಸುಗೆ ನೆನಪಾಗುತ್ತಿತ್ತು. ಮಾವ ಸ್ಪೀಕರನ್ನು ಬಗಲಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತು ಜನರನ್ನು ತಡೆಯುತ್ತಿದ್ದ.

ಪರೀಕ್ಷಕರು ಕುರ್ಚಿ ಹತ್ತಿರ ಎಳೆದುಕೊಂಡು, ಮರಾಠಿಯಲ್ಲಿ "ವಾಜವಾ" ಎಂದರು, ನುಡಿಸಿ ಎಂದು. ಸ್ವಿಚ್ ಒತ್ತಿದೆ. ವಾಲ್ವು ಬಿಸಿಯೇರಬೇಕು, ಅಲ್ಲಿಯವರೆಗೆ ಏನೂ ಕೇಳಿಸುವುದಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ಕೈ ಮತ್ತೆ ಸ್ವಿಚ್ಚಿನತ್ತ ಹೋಯಿತು. ಗಾಜಿನೊಳಗೆ ಕೆಂಪು ಕಂಡಿತು. ಮೊದಲು ತಾಳ ಬಂತು, ಅಪ್ಪನ ಒಡಕು ದನಿ ಬಂತು. ಆಮೇಲೆ ಡಗ್ಗಾ. ಗುಂಡಗೆ ಬಿದ್ದಿತು. ಅಲ್ಲೇ ನಿಂತಿತು.

"ಮನೆಯಲ್ಲಿ ಬೇಸ್ ಹೇಗೆ ಹೊಂದಿಸಿದಿರಿ?" ಎಂದು ಕೇಳಿದರು. ಡ್ರಮ್ಮಿನ ಕಥೆ ಮುಚ್ಚಿಡದೆ ಹೇಳಿದೆ. ಅವರು ಇನ್ನೊಮ್ಮೆ ಹಾಡಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ, ಮುಂದಿನವರನ್ನು ಕರೆದರು. ಫಲಿತಾಂಶ ಬರುವವರೆಗೂ ಆ ಮುಚ್ಚಿದ ಕಣ್ಣಿನ ಅರ್ಥವೇನೆಂದು ನಾನು ಹಿಂದುಮುಂದು ಮಾಡುತ್ತಲೇ ಇದ್ದೆ.

ಪಾಸಾದೆ. ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಮನೆಗೆ ತಂದು ಮೊದಲು ಕೊಟ್ಟದ್ದು ಮಾವನಿಗೆ. ಅವನು ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಅವ್ವ ಒಲೆಯ ಮುಂದಿನಿಂದಲೇ, "ಮೀಸಿ?" ಎಂದಳು.

ಮಾವ ಕೇಳಿಸಿಕೊಳ್ಳದವನಂತೆ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ, ಹಗುರಾಗಿ ನನ್ನ ಕೈಗೆ ವಾಪಸು ಇಟ್ಟ.

"ಜ್ವಾಳದ ಡ್ರಮ್ಮಿನಾಗ ಇಡು, ಇಲಿ ಮುಟ್ಟಂಗಿಲ್ಲ. ಈ ಸಲ ಊರಿಂದ ಎರಡು ಚೀಲ ಜ್ವಾಳ ತರ್ತೀನಿ. ಮತ್ತ ಗುಂಯ್ ಅನಬಾರ್ದು."