ಫಲಿತಾಂಶಕ್ಕೆ ಕಾಯುವ ಅಕ್ಕ

ಪರೀಕ್ಷೆಯ ಕಂಪ್ಯೂಟರ್ ಎಂಬತ್ತೈದನೇ ಪ್ರಶ್ನೆಗೇ ನಿಂತಿತು ಎಂದು ಅಕ್ಕ ಹೇಳಿದಾಗ, ಅದು ಕೆಟ್ಟಿದೆಯೆಂದು ತಿಳಿದು ದೂರು ಕೊಡಲು ಹೊರಟ ಜಾಣ ಅವಳ ತಮ್ಮ, ಕೊರಿಯರ್ ಕಚೇರಿಯ ಗುಮಾಸ್ತ. ಸರಿಯುತ್ತರಕ್ಕೆ ಇನ್ನೂ ಕಷ್ಟದ, ತಪ್ಪುತ್ತರಕ್ಕೆ ಸುಲಭದ ಪ್ರಶ್ನೆ ಕೊಟ್ಟು, ಪಾಸೋ ಫೇಲೋ ಎಂಬ ತೀರ್ಮಾನಕ್ಕೆ ಬಂದೊಡನೆ ತಾನೇ ನಿಲ್ಲುವ ಯಂತ್ರವದು ಎಂದು ಅವಳೇ ತಿಳಿಹೇಳಬೇಕಾಯಿತು. ನರ್ಸಿಂಗ್ ಲೈಸೆನ್ಸಿಗಾಗಿ ಕಾಯುತ್ತಿರುವ ಅಕ್ಕನದು ಈಗ ಒಂದೇ ರಾಗ: "ಕೊನೇ ಪ್ರಶ್ನೆ ತೀರಾ ಸುಲಭ ಇತ್ತು ಕಣೋ!" ಸೀನಿದವರ ನಾಡಿ ಹಿಡಿಯುತ್ತಾಳೆಂದು ಅಮ್ಮ ಸೀನನ್ನೇ ನುಂಗುತ್ತಿದ್ದಾಳೆ. ಫೋನು ಮಿನುಗಿದರೆ ಅಕ್ಕ ಅದನ್ನು ಮಗುಚಿಟ್ಟು, ತಮ್ಮನಿಂದ ಓದಿಸುತ್ತಾಳೆ. ಆರು ವರ್ಷದಿಂದ ಆಸ್ಪತ್ರೆಯ ಸಹಾಯಕಿಯಾಗಿ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಕೂರಿಸುವವಳು ಅವಳೇ. ಅವರು ನೋವೆಂದು ನರಳಿದಾಗ ಸೂಜಿ ಚುಚ್ಚುವುದಕ್ಕೆ ಮಾತ್ರ ಅವಳು ಲೈಸೆನ್ಸಿರುವ ನರ್ಸನ್ನು ಕೂಗಬೇಕು. "ಫೇಲಾದ್ರೆ ಏನ್ಮಾಡ್ತೀಯಕ್ಕ?" ಎಂದು ತಮ್ಮ ಕೇಳಿಯೇಬಿಟ್ಟ. "ಮತ್ತೆ ಬರೀತೀನಿ. ಅಲ್ಲೀವರೆಗೂ ಕೂಗ್ತೀನಿ."