ತುಂಬಿದ ಕೆರಿಯ ತೊಟ್ಟಲಾ

ನಮ್ಮ ಮನಿಯವರು ಇಮಾಮುದ್ದೀನ ಅಂತ. ಕಲಘಟಗಿಯೊಳಗ ತೊಟ್ಟಲಕ್ಕ ಬಣ್ಣಾ ಬರಿಯೂ ಕೆಲಸಾ. ಗಿಣಿ, ನವಿಲು, ಬಳ್ಳಿ, ಕೃಷ್ಣ, ಯಾರೇನ್ ಕೇಳ್ತಾರ ಅದನ್ನ ಬರೀತಾರ. ಮನಷ್ಯಾ ಬಂಗಾರ, ಆದ್ರ ಮಾತಿಗೆ ಅಗದಿ ಜಿಪುಣ. ಅವರ ಪಾಲಿಂದೂ ನಾನ ಮಾತಾಡ್ತೀನಿ ಬಿಡ್ರಿ.

ಮಗಳು ಇರಮ್‌ಗೆ ಮೊದಲನೇ ಬಸರು ನಿಲ್ಲಲಿಲ್ಲ. ಎರಡನೇದಕ್ಕ ಡಾಕ್ಟರು ಹಾಸಿಗಿ ಬಿಟ್ಟು ಏಳಬ್ಯಾಡ ಅಂದ್ರು. ತವರಮನಿಗೆ ಬಂದು ಮಲಕೊಂಡಾಕಿ ನಗೂದ ಮರತಬಿಟ್ಲು. ಒಂದಿನ ಅಂದ್ಲು, "ಅಬ್ಬಾ, ಈ ಕೂಸು ಉಳದ್ರ ಅದರ ತೊಟ್ಟಲಕ್ಕ ನಮ್ಮ ಕೆರಿ ಬರೀತೀರೇನು? ನಾ ಸಣ್ಣಾಕಿದ್ದಾಗ ಹೋಗ್ತಿದ್ವಲ್ಲಾ, ಅದು. ತುಂಬಿದ್ದು ಬರೀರಿ."

ಅಲ್ಲೇ ತೊಡಕಾತು. ಕೂಸು ಹುಟ್ಟೂ ಮೊದಲ ಅದರ ತೊಟ್ಟಲಾ ಮುಟ್ಟೂ ಹಂಗಿಲ್ಲ ನಮ್ಮಲ್ಲಿ. ಹುಟ್ಟೂದು ಏಪ್ರಿಲ್‌ಕ್ಕ, ಅಷ್ಟೊತ್ತಿಗೆ ಕೆರಿ ಬತ್ತಿ ಅದರಾಗ ದನಾ ಅಡ್ಡಾಡ್ತಾವು. ಅದಕ್ಕ ಡಿಸೆಂಬರಿನ್ಯಾಗ, ಕೆರಿ ತುಂಬಿದಾಗ, ಫೋಟೋ ತಗದಿಟ್ಟುಕೊಳ್ಳೂಣು ಅಂತ ಸ್ಟುಡಿಯೋ ದಾನೀಶನ ಕ್ಯಾಮೆರಾ ಬೇಡಿ ತಂದ್ರು. ಇರಮ್ ಹತ್ರ ಇರಾಕ ನಮ್ಮಕ್ಕ ಖಾತುನಬಿ ಅದೊಂದ ದಿನದ ಮಟ್ಟಿಗೆ ಬಂದ್ಲು. ರೊಟ್ಟಿ, ಬದನಿಕಾಯಿ ಪಲ್ಯಾ ಕಟಗೊಂಡು ನಾವಿಬ್ಬರೂ ಬೆಳಗಿನ ಬಸ್ ಹತ್ತಿದ್ವಿ.

ಏನ್ ಹೇಳ್ಲಿ ಆ ಕೆರಿ! ನೀರಿನ ಮ್ಯಾಲಿನ ಮಂಜು ಇನ್ನೂ ಕರಗಿರಲಿಲ್ಲ. ಆಚಿ ದಂಡಿಗೆ ಕಾಡು ಕಂಡೂ ಕಾಣಧಂಗ ನಿಂತಿತ್ತು. ಬಿಳಿ ಹಕ್ಕಿ ಒಂದೊಂದ ಎದ್ದು, ಸುತ್ತ ಹೊಡದು, ಮತ್ತ ಅಲ್ಲೇ ಬಂದು ಕೂಡ್ತಿದ್ವು. ಇವರು ಕ್ಯಾಮೆರಾ ಕಣ್ಣಿಗೆ ಹಿಡದು ಗುಂಡಿ ಒತ್ತಿದ್ರು. ಒಂದ ಸಲ ಮಿಣಕ್ ಅಂತು, ಸತ್ತಹೋತು.

"ರಾತ್ರೆಲ್ಲಾ ಬ್ಯಾಟರಿ ಚಾರ್ಜಿಗೆ ಹಾಕಿದ್ನಲ್ಲಾ," ಅಂದ್ರು.

ನನಗ ಆಗ ನೆನಪಾತು. ಮಲಗೂ ಮುಂದ ಮನಿಯಾಗಿನ ಪಿನ್ನೆಲ್ಲಾ ಕಿತ್ತಿಡೂದು ನನ್ನ ಚಾಳಿ, ಎಲ್ಲಿ ಬೆಂಕಿ ಹತ್ತೀತೋ ಅಂತ. ಚಾರ್ಜರಿಂದೂ ಕಿತ್ತಿದ್ದೆ! ಹೇಳಬೇಕಿತ್ತು, ಬಾಯಿ ಬರಲಿಲ್ಲ. "ಆ ಹಾಳಾದ ದಾನೀಶ ಹಳೇ ಬ್ಯಾಟರಿ ಕೊಟ್ಟಾನ," ಅಂತ ಪಾಪ ಅವಂಗ ನಾಕ ಬೈದೆ, ನೋಡ್ರಿ ನನ್ನ ಶಾಣ್ಯಾತನ! ನಮ್ಮ ಮೊಬೈಲ್ ನೋಡಿದ್ರ ಬಟನ್ ಸೆಟ್, ಅದರಾಗ ಕ್ಯಾಮೆರಾನ ಇಲ್ಲ.

ಇವರು ಸಿಟ್ಟಾಗಲಿಲ್ಲ. ನನ್ನ ಬಾಜೂಕ ಕುಂತ್ರು. "ಬಣ್ಣಾ ನೀ ನೆನಪಿಡು, ಗೆರಿ ನಾ ನೆನಪಿಡ್ತೀನಿ."

ದಿನಾ ಪೂರ್ತಿ ಕುಂತ್ವಿ. ನೀರು ಮುಂಜಾನಿ ಹಾಲಿನಂಗಿತ್ತು, ಮಧ್ಯಾಹ್ನ ನೀಲಿ ಆತು, ಸಂಜಿಕ ಅರಿಷಿಣ ಕಲಿಸಿಧಂಗಾತು. ಮದುವಿ ಆಗಿ ಇಪ್ಪತ್ತೆಂಟ ವರ್ಷದಾಗ ಹಿಂಗ ಕೈಯಾಗ ಕೆಲಸಿಲ್ಲದ ಇಬ್ಬರೂ ಒಂದಿನಾ ಕುಂತಿದ್ದಿಲ್ಲ. ತಪ್ಪ ಮಾಡಿದಾಕಿಗೆ ಖುಷಿ ಆಗಬಾರದು. ಆದ್ರ ಆಗಿತ್ರಿ, ಯಾಕ ಸುಳ್ಳ ಹೇಳ್ಲಿ.

ಮುಂದ ನಾಕ ತಿಂಗಳು ದಿನಾ ಸಂಜಿ ಚಾ ಹಿಡಕೊಂಡು ಇರಮ್ ಹಾಸಿಗಿ ಬಾಜೂಕ ಕುಂತು ಕೆರಿ ನೆನಸ್ತಿದ್ವಿ.

"ಹಕ್ಕಿ ಹನ್ನೊಂದು," ಅಂತಿದ್ರು ಇವರು.

"ಹನ್ನೆರಡ್ರಿ, ಒಂದು ಕಲ್ಲಿನ ಹಿಂದಿತ್ತು," ಅಂತಿದ್ದೆ ನಾನು.

ಇರಮ್ ಕಣ್ಣ ಮುಚ್ಚಿ ಕೇಳ್ತಿದ್ಲು. ಒಂದಿನಾ ಕಣ್ಣ ಮುಚ್ಚಿಕೊಂಡ ನಕ್ಕು, "ಅಮ್ಮಿ, ಆ ಕಲ್ಲು ನನಗೂ ಕಾಣತೈತಿ," ಅಂದ್ಲು. ನಾ ಅಡಗಿಮನಿಗೆ ಹೋಗಿ ಕಣ್ಣ ಒರಸಿಕೊಂಡೆ.

ಏಪ್ರಿಲ್‌ನ್ಯಾಗ ಹೆಣ್ಣ ಕೂಸು ಹುಟ್ಟಿತು. ಗಟ್ಟಿ ದನಿ, ನಂದ ಅಂತಾರ ಎಲ್ಲಾರೂ. ಅಂದಿನಿಂದ ಇವರು ಬರಿಯಾಕ ಕುಂತ್ರು. ತೊಟ್ಟಲಾ ಮನಿಗೆ ಬಂದಾಗ ಇರಮ್ ತಾನ ಎದ್ದು ಬಂದು, ಮುಟ್ಟಿ ಮುಟ್ಟಿ ನೋಡಿ ಅತ್ಲು. ಕೆರಿ ತುಂಬಿತ್ತು. ಹಕ್ಕಿ ಹನ್ನೆರಡಿದ್ವು.

ನಾನೂ ಬಗ್ಗಿ ನೋಡಿದೆ. ದಂಡಿ ಮ್ಯಾಲೆ ಮರದ ಬುಡಕ ನನ್ನ ಚಪ್ಪಲಿ. ಬಾಜೂಕ ಬುತ್ತಿ ಗಂಟು. ಗಂಟಿನ್ಯಾಗಿಂದ ಒಂದು ಕರೇ ವೈರು ಹೊರಗ ಬಂದಿತ್ತು, ತುದಿಗೆ ಪಿನ್ನು!

"ಗೊತ್ತಿತ್ತೇನ್ರಿ ನಿಮಗ?"

"ಮುಂಜಾನಿ ಮನಿಯಾಗ ನೋಡಿದ್ದೆ, ಪಿನ್ನ ಕಿತ್ತಿತ್ತು," ಅಂದ್ರು. "ಹೇಳಿದ್ರ ನೀ, 'ಬ್ಯಾಡ ಬಿಡ್ರಿ, ಇನ್ನೊಂದಿನ ನೀವೊಬ್ಬರ ಹೋಗ್ರಿ' ಅಂತಿದ್ದಿ. ಖಾತುನಬಿ ಬಂದಿದ್ದು ಅದೊಂದ ದಿನಾ. ಕೆರಿ ನನಗೊಬ್ಬಂಗ ನೋಡೂದು ಬ್ಯಾಡಾಗಿತ್ತು."

ಇಷ್ಟ ಉದ್ದ ಅವರು ಮಾತಾಡಿದ್ದು ಅವತ್ತ ಮೊದಲು.